ಘಟವಾದನದ ಸಾಧಕಿ

ನಮ್ಮ ನಾಡಿನ ಮನೆಗಳಲ್ಲಿ ಮಣ್ಣಿನ ಗಡಿಗೆಗೆ ಬಹುಕಾಲದಿಂದ ಒಂದು ಸ್ಥಾನವಿದೆ. ಬಾವಿಯ ನೀರನ್ನು ತಂಪಾಗಿಡಲು, ಮೊಸರನ್ನು ಹೆಪ್ಪು ಹಾಕಲು, ಕಾಳನ್ನು ತುಂಬಿಡಲು ಅದು ಬೇಕು. ಮದುವೆಯ ಮನೆಯಲ್ಲಿಯೂ ಅದು ಬೇಕು. ಮಸಣದ ದಾರಿಯಲ್ಲಿಯೂ ಅದು ಬೇಕು. ಕುಂಬಾರನ ಆವಿಗೆಯಿಂದ ಬಂದ ಈ ಸಾಮಾನ್ಯ ವಸ್ತು ಸಂಗೀತ ಸಭೆಯ ವೇದಿಕೆಯನ್ನೇರಿ ಕುಳಿತಾಗ ಅದರ ಹೆಸರು ಘಟ. ಚರ್ಮದ ಮುಚ್ಚಿಗೆಯಿಲ್ಲ, ತಂತಿಯಿಲ್ಲ. ಬರಿಯ ಮಣ್ಣು ಮತ್ತು ಅದರೊಳಗಿನ ಬಯಲು. ಆ ಬಯಲನ್ನೇ ನುಡಿಸಿ ಕೇಳುಗರ ಹೃದಯವನ್ನು ತಣಿಸುವುದು ಸಾಮಾನ್ಯವಾದ ವಿದ್ಯೆಯಲ್ಲ. ಇಂತಹ ವಿದ್ಯೆಯನ್ನು ಹೆಣ್ಣುಮಕ್ಕಳು ಕಲಿಯಲಾರರು ಎಂದು ಜನರು ನಂಬಿದ್ದ ಕಾಲದಲ್ಲಿ ಅದನ್ನು ಕಲಿತು, ಅದರಲ್ಲಿ ಹೊಸ ದಾರಿಯನ್ನು ತೆರೆದವರು ಬೆಂಗಳೂರಿನ ಶ್ರೀಮತಿ ಸುಕನ್ಯಾ ರಾಮಗೋಪಾಲ್ ಅವರು.

ಸುಕನ್ಯಾ ಅವರು ಹುಟ್ಟಿದ್ದು 1957ರ ಜೂನ್ ತಿಂಗಳಲ್ಲಿ, ಕಾವೇರಿಯ ದಡದ ಮಯಿಲಾಡುತುರೈ ಎಂಬ ಊರಿನಲ್ಲಿ. ಐವರು ಮಕ್ಕಳಲ್ಲಿ ಅವರೇ ಕಿರಿಯರು. ಓಲೆಗರಿಗಳಲ್ಲಿ ಅಡಗಿದ್ದ ಪ್ರಾಚೀನ ತಮಿಳು ಕಾವ್ಯಗಳನ್ನು ಊರೂರು ಅಲೆದು ಸಂಗ್ರಹಿಸಿ ಅಚ್ಚಿಗೆ ತಂದ ಮಹಾವಿದ್ವಾಂಸರಾದ ಉ. ವೇ. ಸ್ವಾಮಿನಾಥ ಅಯ್ಯರ್ ಅವರು ಇವರ ಮುತ್ತಜ್ಜ. ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಅವರು ಬಾಳಿ ಬದುಕಿದ ‘ತ್ಯಾಗರಾಜ ವಿಲಾಸ’ ಎಂಬ ಮನೆಯಲ್ಲಿಯೇ ಈ ಹುಡುಗಿಯ ಬಾಲ್ಯವೂ ಕಳೆಯಿತು. ವಿದ್ಯೆಗೆ ಗೌರವವಿದ್ದ ಮನೆ. ಸಂಗೀತಕ್ಕೆ ಆದರವಿದ್ದ ಬೀದಿ. ಕಲಿಯುವ ಮನಸ್ಸಿದ್ದ ಮಗುವಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಬೇರೆ ಯಾವುದಿದೆ?

ಆ ಮನೆಯ ಸಮೀಪದಲ್ಲಿ ಶ್ರೀ ಜಯಗಣೇಶ ತಾಳವಾದ್ಯ ವಿದ್ಯಾಲಯವೆಂಬ ಒಂದು ಪಾಠಶಾಲೆಯಿತ್ತು. ಹರಿಹರ ಶರ್ಮರೆಂಬ ವಿದ್ವಾಂಸರು 1958ರಲ್ಲಿ ಅದನ್ನು ಸ್ಥಾಪಿಸಿದ್ದರು. ಅವರ ಮಗ ವಿನಾಯಕರಾಮ್ ಅವರು ಅಷ್ಟರಲ್ಲೇ ಘಟವಾದನದಲ್ಲಿ ಹೆಸರು ಪಡೆದಿದ್ದರು. ಜನರು ಅವರನ್ನು ಪ್ರೀತಿಯಿಂದ ‘ವಿಕ್ಕು’ ಎಂದು ಕರೆಯುತ್ತಿದ್ದರು. ಅವರ ಸಹೋದರ ಗುರುಮೂರ್ತಿಯವರು ಅಲ್ಲಿ ಪಿಟೀಲಿನ ಪಾಠ ಹೇಳುತ್ತಿದ್ದರು. ಹನ್ನೆರಡು ವರ್ಷ ವಯಸ್ಸಿನ ವೇಳೆಗೆ ಸುಕನ್ಯಾ ಆ ಶಾಲೆಗೆ ಸೇರಿದ್ದು ಪಿಟೀಲು ಕಲಿಯುವುದಕ್ಕಾಗಿ. ಆದರೆ ಕೈಯಲ್ಲಿ ಕಮಾನು ಇದ್ದರೂ ಕಿವಿ ಇನ್ನೊಂದು ಕಡೆಗೆ ಹರಿಯುತ್ತಿತ್ತು. ಪಕ್ಕದಲ್ಲಿ ಹುಡುಗರು ಮೃದಂಗವನ್ನು ಸಾಧನೆ ಮಾಡುತ್ತಿದ್ದರು. ಆ ನಾದವು ಅವರನ್ನು ಸೆಳೆಯಿತು. ಬಾಲಕಿಯ ಆಸಕ್ತಿಯನ್ನು ಗುರುತಿಸಿದ ಹರಿಹರ ಶರ್ಮರು ಆಕೆಗೆ ಮೃದಂಗದ ಪಾಠವನ್ನು ಹೇಳಿಕೊಡಲು ಒಪ್ಪಿಕೊಂಡರು.

ಹೆಣ್ಣುಮಕ್ಕಳು ಹಾಡುವುದು, ವೀಣೆ ಅಥವಾ ಪಿಟೀಲು ನುಡಿಸುವುದು ಆ ಕಾಲಕ್ಕೆ ಹೊಸದಾಗಿರಲಿಲ್ಲ. ತಾಳವಾದ್ಯಗಳ ಮಾತು ಮಾತ್ರ ಬೇರೆಯಾಗಿತ್ತು. ತಿರುಕೋಕರ್ಣದ ರಂಗನಾಯಕಿ ಅಮ್ಮಾಳ್ ಅವರಂತಹ ಒಬ್ಬಿಬ್ಬರು ಮೃದಂಗ ನುಡಿಸಿ ಮೆಚ್ಚುಗೆ ಪಡೆದಿದ್ದರೂ ಅವರನ್ನು ಅಪವಾದವೆಂದೇ ಲೋಕವು ಎಣಿಸಿತ್ತು. ಹೀಗಿರುವಾಗ ಶರ್ಮರು ತೋರಿದ ಔದಾರ್ಯವು ಸಣ್ಣದಲ್ಲ.

ತಾಳವಾದ್ಯವನ್ನು ಕಲಿಯುವವರು ಮೊದಲು ಬಾಯಿಯಿಂದ ಕಲಿಯುತ್ತಾರೆ, ಅನಂತರ ಕೈಯಿಂದ. ‘ತ ಧಿ ತೊಂ ನಂ’ ಎಂಬ ನಾಲ್ಕು ಸೊಲ್ಲುಗಳು ಈ ವಿದ್ಯೆಯ ಓನಾಮ. ಇವನ್ನು ಮೊದಲು ನಿಧಾನವಾಗಿ, ಬಳಿಕ ಅದರ ಎರಡರಷ್ಟು, ಆಮೇಲೆ ನಾಲ್ಕರಷ್ಟು ವೇಗದಲ್ಲಿ, ಕಾಲಪ್ರಮಾಣ ಕೆಡದಂತೆ ನುಡಿಸಬೇಕು. ಸೊಲ್ಲುಗಳ ಗುಂಪುಗಳು ಮೂರು, ನಾಲ್ಕು, ಐದು, ಏಳು, ಒಂಬತ್ತು ಎಂಬ ಎಣಿಕೆಗಳಲ್ಲಿ ಬರುತ್ತವೆ. ಇವನ್ನೇ ತಿಸ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳೆನ್ನುವರು. ಪುರಂದರದಾಸರು ರೂಢಿಗೆ ತಂದರೆಂದು ಪರಂಪರೆಯು ನಂಬುವ ಪಾಠಕ್ರಮದಲ್ಲಿ ಬರುವ ಏಳು ಸೂಳಾದಿ ತಾಳಗಳು ಈ ಐದು ಜಾತಿಗಳೊಡನೆ ಕೂಡಿ ಮೂವತ್ತೈದು ತಾಳಗಳಾಗುತ್ತವೆ.

ಇದರಲ್ಲಿ ಲೆಕ್ಕವೂ ಇದೆ. ಆದಿತಾಳದ ಒಂದು ಆವರ್ತದಲ್ಲಿ ಎಂಟು ಅಕ್ಷರಗಳು. ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ ಮೂವತ್ತೆರಡು ಮಾತ್ರೆಗಳು. ‘ತದಿಗಿಣತೊಂ’ ಎಂಬ ಐದು ಮಾತ್ರೆಯ ಸೊಲ್ಲನ್ನು ಮೂರು ಸಲ ನುಡಿಸಿ, ನಡುವೆ ಎರಡು ಕಡೆಗಳಲ್ಲಿ ಎರಡೆರಡು ಮಾತ್ರೆ ಬಿಡುವು ಕೊಟ್ಟರೆ ಒಟ್ಟು ಹತ್ತೊಂಬತ್ತು ಮಾತ್ರೆಗಳಾಗುತ್ತವೆ. ಆದ್ದರಿಂದ ಹದಿಮೂರು ಮಾತ್ರೆ ಕಳೆದ ಮೇಲೆ ಆರಂಭಿಸಿದರೆ ಮಾತ್ರ ಮುಕ್ತಾಯವು ಸಮಕ್ಕೆ ಸರಿಯಾಗಿ ಬಂದು ಕೂಡುತ್ತದೆ. ಒಂದು ಮಾತ್ರೆ ತಪ್ಪಿದರೂ ಹಾಡುವವರೊಡನೆ ಸಂಬಂಧ ಕಡಿದುಹೋಗುತ್ತದೆ. ಈ ಎಣಿಕೆಯನ್ನು ಬೆರಳು ಮಡಿಸದೆ, ಮುಖದಲ್ಲಿ ಆತಂಕ ತೋರದೆ, ಉಸಿರಾಟದಷ್ಟು ಸಹಜವಾಗಿ ಮಾಡುವ ಅಭ್ಯಾಸವನ್ನು ವಿದ್ಯಾರ್ಥಿಯು ಬೆಳೆಸಿಕೊಳ್ಳಬೇಕು. ಸುಕನ್ಯಾ ಅವರ ಹುಡುಗಿತನದ ದಿನಗಳು ಇಂತಹ ಅಭ್ಯಾಸದಲ್ಲಿ ಕಳೆದವು.

ವಿದ್ಯಾಲಯದಲ್ಲಿ ಮೃದಂಗದ ಜೊತೆಗೆ ಘಟದ ನಾದವೂ ಅವರ ಕಿವಿಗೆ ಬೀಳುತ್ತಿತ್ತು. ವಿನಾಯಕರಾಮರ ಬೆರಳುಗಳಿಂದ ಹೊರಡುವ ಆ ನಾದಕ್ಕೆ ಅವರು ಮಾರುಹೋದರು. ತಾನೂ ಘಟವನ್ನೇ ಕಲಿಯಬೇಕೆಂಬ ಹಂಬಲ ಮೂಡಿತು. ಆಕೆ ತನ್ನ ಆಸೆಯನ್ನು ತಿಳಿಸಿದಾಗ ವಿನಾಯಕರಾಮರು ಸಂಶಯಪಟ್ಟರು. ಅದಕ್ಕೆ ಕಾರಣವಿಲ್ಲದಿರಲಿಲ್ಲ. ಮೃದಂಗದ ಚರ್ಮವು ಬೆರಳಿನ ಪೆಟ್ಟಿಗೆ ಸ್ವಲ್ಪ ಬಾಗಿಕೊಡುತ್ತದೆ. ಘಟದ ಮಣ್ಣು ಬಾಗುವುದಿಲ್ಲ. ಸುಟ್ಟು ಗಟ್ಟಿಯಾದ ಮಣ್ಣಿನ ಮೇಲೆ ಗಂಟೆಗಟ್ಟಲೆ ಬಡಿದರೆ ಹೊಸಬರ ಬೆರಳುಗಳು ನೋಯುತ್ತವೆ, ಊದಿಕೊಳ್ಳುತ್ತವೆ. ಅದರಲ್ಲಿಯೂ ಮಾನಾಮದುರೈಯಲ್ಲಿ ತಯಾರಾಗುವ ಘಟವು ದಪ್ಪ ಗೋಡೆಯದು, ತೂಕದ್ದು. ಅದರಿಂದ ನಾದವನ್ನು ಹೊರಡಿಸಲು ಹೆಚ್ಚಿನ ಶಕ್ತಿ ಬೇಕು. ಹುಡುಗಿಯ ಕೈಗೆ ಇದು ಹೊಂದುವುದೇ ಎಂಬುದು ಗುರುವಿನ ಪ್ರಶ್ನೆಯಾಗಿತ್ತು.

ಆಗ ಮುಂದೆ ಬಂದವರು ಹಿರಿಯರಾದ ಹರಿಹರ ಶರ್ಮರು. ಕಲಿಯಬಲ್ಲಳೋ ಇಲ್ಲವೋ ಎಂಬುದನ್ನು ಕಲಿಸಿ ನೋಡಿಯೇ ತಿಳಿಯಬೇಕಲ್ಲದೆ ಮೊದಲೇ ತೀರ್ಮಾನಿಸುವುದು ನ್ಯಾಯವಲ್ಲವೆಂಬುದು ಅವರ ನಿಲುವಾಗಿತ್ತು. 1970ರ ದಶಕದಲ್ಲಿ ವಿನಾಯಕರಾಮರು ಪಾಠ ಹೇಳುವ ಸಲುವಾಗಿ ಒಂದು ವರ್ಷದ ಮಟ್ಟಿಗೆ ಅಮೆರಿಕಕ್ಕೆ ಹೊರಟರು. ಆ ಅವಧಿಯಲ್ಲಿ ಶರ್ಮರು ಶಿಷ್ಯೆಯನ್ನು ತಮ್ಮ ಎದುರಿಗೆ ಕೂರಿಸಿಕೊಂಡು ಘಟದ ಪಾಠವನ್ನು ಕ್ರಮವಾಗಿ ಹೇಳಿದರು.

ಘಟವನ್ನು ಮಡಿಲಲ್ಲಿಟ್ಟುಕೊಂಡು, ಅದರ ಬಾಯಿಯನ್ನು ಹೊಟ್ಟೆಯ ಕಡೆಗೆ ತಿರುಗಿಸಿ ನುಡಿಸುವುದು ರೂಢಿ. ಅದರ ಕೊರಳಿನ ಬಳಿ ಒಂದು ನಾದ, ಹೊಟ್ಟೆಯ ಮೇಲೆ ಒಂದು ನಾದ, ತಳದ ಕಡೆಗೆ ಮತ್ತೊಂದು. ಬೆರಳ ತುದಿ, ಉಗುರು, ಅಂಗೈಯ ಬುಡ ಇವೆಲ್ಲಕ್ಕೂ ಬೇರೆ ಬೇರೆ ಕೆಲಸ. ಬಾಯಿಯನ್ನು ಹೊಟ್ಟೆಗೆ ಒತ್ತಿ ಸಡಿಲಿಸಿದರೆ ಒಳಗಿನ ಗಾಳಿಯು ಅಲುಗಿ ಗಂಭೀರವಾದ ಗುಮುಕಿ ಹೊರಡುತ್ತದೆ. ಮೃದಂಗದಲ್ಲಿ ಬಲಗಡೆಯ ಕರಣೆಯೂ ಎಡಗಡೆಯ ರವೆಯ ಕಣಕವೂ ಮಾಡುವ ಕೆಲಸವನ್ನು ಇಲ್ಲಿ ನುಡಿಸುವವರ ಕೈಯೊಂದೇ ಮಾಡಬೇಕು. ಮೃದಂಗದಲ್ಲಿ ಕಲಿತ ಸೊಲ್ಲುಗಳನ್ನೆಲ್ಲ ಮಣ್ಣಿನ ಭಾಷೆಗೆ ತಿರುಗಿಸಿಕೊಳ್ಳುವುದೇ ಆ ವರ್ಷದ ಸಾಧನೆಯಾಯಿತು. ನೋವಿಗೆ ಅಂಜಿ ಬಿಟ್ಟಿದ್ದರೆ ಜನರ ನಂಬಿಕೆಯೇ ನಿಜವೆಂದಾಗುತ್ತಿತ್ತು. ಸುಕನ್ಯಾ ಬಿಡಲಿಲ್ಲ.

ವರ್ಷ ಕಳೆದು ವಿನಾಯಕರಾಮರು ಹಿಂದಿರುಗಿದಾಗ ಶಿಷ್ಯೆಯ ವಾದನವನ್ನು ಕೇಳಿ ಬೆರಗಾದರು. ಸಂಶಯವು ಕರಗಿತು. ತಮ್ಮ ಅಭಿಪ್ರಾಯವನ್ನು ಬದಲಿಸಿಕೊಳ್ಳಲು ಅವರು ಹಿಂಜರಿಯಲಿಲ್ಲ. ಆಕೆಯನ್ನು ಶಿಷ್ಯೆಯಾಗಿ ಸ್ವೀಕರಿಸಿ ತಮ್ಮ ಬಾನಿಯನ್ನು ಧಾರೆಯೆರೆದರು. ಶಿಷ್ಯೆಯು ಗುರುವನ್ನು ಗೆದ್ದಳೆನ್ನುವುದಕ್ಕಿಂತ ಇಬ್ಬರೂ ವಿದ್ಯೆಗೆ ತಲೆಬಾಗಿದರೆನ್ನುವುದು ಹೆಚ್ಚು ಉಚಿತ. ಮುಂದೆ ವಿನಾಯಕರಾಮರು ‘ಶಕ್ತಿ’ ಎಂಬ ವಾದ್ಯವೃಂದದ ಮೂಲಕ ಘಟದ ಕೀರ್ತಿಯನ್ನು ದೇಶವಿದೇಶಗಳಲ್ಲಿ ಹರಡಿದರು. ಆ ಬಾನಿಯ ಕ್ರಮವನ್ನು ‘ಸುನಾದಂ’ ಎಂಬ ಗ್ರಂಥದಲ್ಲಿ ನಿರೂಪಿಸಿದವರು, ಒಂದು ಕಾಲಕ್ಕೆ ಕಲಿಯಬಲ್ಲಳೇ ಎಂಬ ಸಂಶಯಕ್ಕೆ ಗುರಿಯಾಗಿದ್ದ ಈ ಶಿಷ್ಯೆಯೇ.

ವಿವಾಹವಾದ ಮೇಲೆ ಸುಕನ್ಯಾ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ತಾಳವಾದ್ಯಗಳಿಗೆ ಬೆಂಗಳೂರು ಹೊಸ ಊರಲ್ಲ. ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿ ಅವರು 1964ರಲ್ಲಿಯೇ ಇಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದ್ದರು. ಚಾಮರಾಜಪೇಟೆ, ಮಲ್ಲೇಶ್ವರ, ರಾಜಾಜಿನಗರಗಳ ರಾಮನವಮಿಯ ಚಪ್ಪರಗಳಲ್ಲಿ ಜನರು ರಾತ್ರಿಯಾದರೂ ಕದಲದೆ ಕುಳಿತು ಸಂಗೀತ ಕೇಳುವ ಊರು ಇದು. ಹೀಗಿದ್ದರೂ ಅವರ ದಾರಿ ಸುಗಮವಾಗಿರಲಿಲ್ಲ.

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಮೃದಂಗವು ಪ್ರಧಾನವಾದ ಪಕ್ಕವಾದ್ಯ. ಘಟ, ಖಂಜಿರ, ಮೋರ್ಸಿಂಗುಗಳು ಉಪಪಕ್ಕವಾದ್ಯಗಳು. ಘಟ ನುಡಿಸುವವರು ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ತನಿ ಆವರ್ತನದಲ್ಲಿಯೂ ಮೃದಂಗವು ಮೊದಲು ನುಡಿಯುತ್ತದೆ. ಘಟವು ಅದಕ್ಕೆ ಉತ್ತರ ಕೊಡುತ್ತದೆ. ಹೀಗೆ ಮೃದಂಗ ನುಡಿಸುವವರು ಒಪ್ಪದಿದ್ದರೆ ಘಟಕ್ಕೆ ವೇದಿಕೆಯೇ ಇಲ್ಲ. ಹೆಂಗಸಿನೊಡನೆ ಕುಳಿತು ನುಡಿಸಲು ಕೆಲವರು ನಿರಾಕರಿಸಿದರು. ಒಪ್ಪಿಕೊಂಡ ಕಚೇರಿಗಳು ಕೈತಪ್ಪಿದ್ದೂ ಉಂಟು. ಕಲಿಯುವಾಗ ಎದುರಾದ ಕಷ್ಟವನ್ನು ದುಡಿಮೆಯಿಂದ ದಾಟಬಹುದಾಗಿತ್ತು. ಈ ಕಷ್ಟ ಅಂತಹದಲ್ಲ. ಎಷ್ಟು ಚೆನ್ನಾಗಿ ನುಡಿಸಿದರೂ ಕೇಳಲೊಲ್ಲದವರ ಮುಂದೆ ಸಾಧನೆಗೆ ಬೆಲೆಯೆಲ್ಲಿ?

ಆದರೂ ಸುಕನ್ಯಾ ಅವರು ಜಗಳಕ್ಕೆ ನಿಲ್ಲಲಿಲ್ಲ, ಕೈಕಟ್ಟಿಯೂ ಕೂರಲಿಲ್ಲ. ಘಟಕ್ಕೆ ಹಿಂದಿನ ಸಾಲಿನಲ್ಲಿ ಸ್ಥಳವಿಲ್ಲವಾದರೆ ಅದನ್ನು ಮುಂದಿನ ಸಾಲಿಗೆ ತರಬೇಕೆಂದು ಯೋಚಿಸಿದರು. ಒಂದು ಘಟಕ್ಕೆ ಒಂದೇ ಶ್ರುತಿ. ಮೃದಂಗದಂತೆ ಅದನ್ನು ಬೇಕಾದಂತೆ ಏರಿಳಿಸಲಾಗದು. ಈ ಕೊರತೆಯನ್ನೇ ಅವರು ಅನುಕೂಲವನ್ನಾಗಿ ಮಾಡಿಕೊಂಡರು. ಬೇರೆ ಬೇರೆ ಶ್ರುತಿಯ ಆರೇಳು ಘಟಗಳನ್ನು ಸುತ್ತಲೂ ಜೋಡಿಸಿ, ತಾಳದ ಜೊತೆಗೆ ಸ್ವರವನ್ನೂ ನುಡಿಸುವ ‘ಘಟ ತರಂಗ’ವನ್ನು ರೂಪಿಸಿದರು. 1995ರಲ್ಲಿ ‘ಸ್ತ್ರೀ ತಾಳ್ ತರಂಗ್’ ಎಂಬ ಮಹಿಳೆಯರದೇ ಆದ ವಾದ್ಯವೃಂದವನ್ನು ಕಟ್ಟಿದರು. ಆ ವೃಂದದಲ್ಲಿ ಘಟವು ಹಿಂಬಾಲಿಸುವ ವಾದ್ಯವಲ್ಲ; ಮುಂದೆ ನಡೆಯುವ ವಾದ್ಯ. 2014ನೆಯ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು ಅವರಿಗೆ ಸಂದಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬಹುದು. ಮಾನಾಮದುರೈಯಲ್ಲಿ ಘಟವನ್ನು ತಯಾರಿಸುವಾಗ ಹಸಿ ಗಡಿಗೆಯ ಒಳಗೆ ಕಲ್ಲನ್ನು ಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ಸಾವಿರಾರು ಬಾರಿ ತಟ್ಟಿ ಗೋಡೆಯನ್ನು ಸಮಮಾಡುತ್ತಾರೆ. ಹಾಗೆ ತಟ್ಟಿದಷ್ಟೂ ಅದು ಗಟ್ಟಿಯಾಗುತ್ತದೆ, ನಾದವು ಹದವಾಗುತ್ತದೆ. ಈ ಕೆಲಸದಲ್ಲಿ ಹೆಸರಾಗಿ, ವಾದ್ಯತಯಾರಿಕೆಗಾಗಿ ಅದೇ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಮೀನಾಕ್ಷಿ ಕೇಶವನ್ ಅವರೂ ಒಬ್ಬ ಮಹಿಳೆ. ಘಟವನ್ನು ತಟ್ಟಿ ರೂಪಿಸಬಲ್ಲ ಕೈಗೆ ಅದನ್ನು ನುಡಿಸುವ ಶಕ್ತಿಯಿಲ್ಲವೆಂದು ಲೋಕವು ಬಹುಕಾಲ ನಂಬಿತ್ತೆಂಬುದು ಸೋಜಿಗವಲ್ಲವೇ?

ತುಂಬಿದ ಕೊಡ ತುಳುಕುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಾರೆ. ಸುಕನ್ಯಾ ಅವರ ಜೀವನವನ್ನು ನೋಡಿದಾಗ ಈ ಮಾತಿನ ಅರ್ಥವು ಮನಸ್ಸಿಗೆ ನಾಟುತ್ತದೆ. ಪ್ರತಿಭೆಯಿದ್ದರೆ ಸಾಲದು, ಅದನ್ನು ಗುರುತಿಸುವ ಹಿರಿಯರು ಬೇಕು, ನೋವನ್ನು ಸಹಿಸುವ ದುಡಿಮೆ ಬೇಕು, ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲನ್ನು ತಾನೇ ಕಡೆದು ನಿಲ್ಲಿಸುವ ಧೈರ್ಯವೂ ಬೇಕು. ಮಣ್ಣಿಗೆ ನುಡಿಸುವವರು ಗಂಡೋ ಹೆಣ್ಣೋ ತಿಳಿಯದು. ಅದಕ್ಕೆ ತಿಳಿಯುವುದು ಬೆರಳಿನ ಹದವೊಂದೇ.