ಕೊನ್ನಾರಿಯೋ, ಅದರ ನೆಂಟನೋ? ಬೇರು ನೋಡಿ ತಿಳಿಯಿರಿ

ಏಣಿಲು ಕೊಯ್ಲು ಮುಗಿದು ಗದ್ದೆಗೆ ಸೌತೆ, ಅಲಸಂಡೆ, ಹರಿವೆ ಹಾಕುವ ಹೊತ್ತಿಗೆ ನಮ್ಮ ಕುಂಬಳೆ, ಬೇಳ, ಮಂಜೇಶ್ವರ ಕಡೆಯ ರೈತರಿಗೆ ದೊಡ್ಡ ತಲೆನೋವು ಕೊನ್ನಾರಿ. ಅದನ್ನೂ ಅದರಂತೆ ಕಾಣುವ ನಾಲ್ಕಾರು ಗಿಡಗಳನ್ನೂ ನಾವು ಒಟ್ಟಾಗಿ 'ಹುಲ್ಲು' ಎಂದುಬಿಡುತ್ತೇವೆ. ಹುಲ್ಲೆಂದು ತಿಳಿದು ಟಿಲ್ಲರ್ ಹೊಡೆಸುತ್ತೇವೆ, ಕೂಲಿ ಕೊಟ್ಟು ಕೀಳಿಸುತ್ತೇವೆ, ಅಂಗಡಿಯಿಂದ ಹುಲ್ಲಿನ ಔಷಧಿ ತಂದು ಬಿಡುತ್ತೇವೆ. ಹದಿನೈದು ದಿನಗಳಲ್ಲಿ ಗದ್ದೆ ಮತ್ತೆ ಹಸಿರು. ಖರ್ಚು ವ್ಯರ್ಥವಾದದ್ದು ಒಂದು ಕಡೆ. ಕೆಲವೊಮ್ಮೆ ಆ ಖರ್ಚಿನ ಕೆಲಸದಿಂದಲೇ ಕಳೆ ಇಮ್ಮಡಿಯಾಗಿರುತ್ತದೆ.

ಮೊದಲನೆಯದಾಗಿ, ಕೊನ್ನಾರಿ ಹುಲ್ಲಲ್ಲ. ಅದರ ಕುಟುಂಬವೇ ಬೇರೆ. (ಶಿಶು ಮೋಶೆಯನ್ನು ನೈಲ್ ನದಿಯಲ್ಲಿ ತೇಲಿಬಿಟ್ಟ ಪೆಟ್ಟಿಗೆಯನ್ನು ಹೆಣೆದ ಪಪೈರಸ್ ಕೂಡ ಇದೇ ಕುಟುಂಬದ್ದು.) ಹೂವಿನ ದಂಟನ್ನು ಎರಡು ಬೆರಳುಗಳ ನಡುವೆ ಹಿಡಿದು ತಿರುಗಿಸಿ ನೋಡಿರಿ. ಹುಲ್ಲಿನ ದಂಟು ಉರುಟಾಗಿ ಉರುಳುತ್ತದೆ, ಅದರಲ್ಲಿ ಗಂಟುಗಳಿರುತ್ತವೆ, ಹೆಚ್ಚಾಗಿ ಒಳಗೆ ಟೊಳ್ಳು. ಕೊನ್ನಾರಿಯ ದಂಟಿಗೆ ಮೂರು ಮೂಲೆ, ಗಂಟಿಲ್ಲ, ಟೊಳ್ಳಿಲ್ಲ. ಹುಲ್ಲಿನ ಎಲೆಗಳು ಎರಡು ಸಾಲಾಗಿ ಬರುತ್ತವೆ, ಇದರವು ಮೂರು ಸಾಲಾಗಿ. ಈ ಭೇದ ತಿಳಿಯದಿದ್ದರೆ ಕೈಗೆ ಸಿಕ್ಕಿದ ಔಷಧಿ ತರುತ್ತೇವೆ. ಹುಲ್ಲಿಗೆಂದೇ ಮಾಡಿದ ಕೆಲವು ಕಳೆನಾಶಕಗಳು ಈ ಕುಟುಂಬದ ಗಿಡಗಳಿಗೆ ತಾಗುವುದೇ ಇಲ್ಲ.

ಇನ್ನು ಕುಟುಂಬದೊಳಗಿನ ಭೇದ. ನಿಜವಾದ ತೊಂದರೆ ಇರುವುದು ಇಲ್ಲಿ. ಎಲೆ ನೋಡಿ ಹೇಳಲು ಹೋದರೆ ಹಳಬರೂ ತಪ್ಪುತ್ತಾರೆ. ಒಂದು ಗಿಡವನ್ನು ಎಳೆಯದೆ, ಸಣ್ಣ ಪಿಕ್ಕಾಸಿನಿಂದ ಸುತ್ತಲಿನ ಮಣ್ಣು ಸಡಿಲಿಸಿ, ಒಂದು ಗೇಣು ಆಳದಿಂದ ಎತ್ತಿ ನೀರಿನಲ್ಲಿ ತೊಳೆದು ನೋಡಿರಿ.

ತೆಳು ದಾರದಂತಹ ಬೇರುಕಾಂಡದಲ್ಲಿ ಜಪಮಾಲೆಯ ಮಣಿಗಳಂತೆ ಒಂದರ ಹಿಂದೆ ಒಂದು ಕಪ್ಪು ಗೆಡ್ಡೆಗಳಿದ್ದರೆ ಅದೇ ಕೊನ್ನಾರಿ. ವಿಜ್ಞಾನಿಗಳ ಸೈಪರಸ್ ರೋಟಂಡಸ್, ಮಲಯಾಳದ ಮುತ್ತಂಗ, ಗಟ್ಟದ ಮೇಲಿನವರ ಜೇಕು, ಗಿಡಮೂಲಿಕೆ ಅಂಗಡಿಯ ಭದ್ರಮುಷ್ಟಿ ಎಲ್ಲವೂ ಇದೊಂದೇ. ಗೆಡ್ಡೆಯ ಮೇಲೆ ನಾರು, ಜಜ್ಜಿದರೆ ಪರಿಮಳ, ರುಚಿ ಕಹಿ. ಎಲೆ ಕಡು ಹಸಿರು, ತೆನೆ ಕೆಂಪು ಮಿಶ್ರಿತ ಕಂದು. ಬೆಟ್ಟುಗದ್ದೆ, ತರಕಾರಿ ಪಾತಿ, ನೀರು ಬೀಳುವ ಅಡಿಕೆ ತೋಟ ಇದರ ಪ್ರಿಯ ಜಾಗಗಳು. 1977ರಲ್ಲಿ ಹೋಮ್ ಮತ್ತು ಸಂಗಡಿಗರು ಪ್ರಕಟಿಸಿದ ಪುಸ್ತಕದಲ್ಲಿ ಲೋಕದ ಕೆಟ್ಟ ಕಳೆಗಳ ಪಟ್ಟಿಯ ಮೊದಲ ಸ್ಥಾನ ಇದಕ್ಕೇ ಸಿಕ್ಕಿತು.

ಗೆಡ್ಡೆಯೇ ಇಲ್ಲದೆ ಬರೀ ನಾರುಬೇರಿನ ಗೊಂಚಲು ಇದ್ದರೆ ಅದು ಬೀಜದಿಂದ ಹುಟ್ಟಿ ಬೀಜ ಬಿಟ್ಟು ಸಾಯುವ ಒಂದು ಬೆಳೆಯ ಕಳೆ. ಮಜಲು, ಬೈಲು ಗದ್ದೆಗಳಲ್ಲಿ ಇಂಥವು ಮೂರು ಮುಖ್ಯ. ತೆನೆ ಬಿಡಿಬಿಡಿಯಾಗಿ ಹರಡಿ ಹಳದಿ ಕಂದು ಬಣ್ಣವಿದ್ದು ಬೇರು ತುಸು ಕೆಂಪಾಗಿದ್ದರೆ ಸೈಪರಸ್ ಇರಿಯಾ. ತೆನೆಗಳು ಒತ್ತೊತ್ತಾಗಿ ಸೇರಿ ಉರುಟು ಚೆಂಡುಗಳಾಗಿದ್ದರೆ ಸೈಪರಸ್ ಡಿಫಾರ್ಮಿಸ್. ಇದಕ್ಕೆ ಕೆಸರು ಬೇಕು. ಬುಡದಲ್ಲಿ ಎಲೆಗಳು ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡಿ, ಮೇಲೆ ಸಣ್ಣ ಸಣ್ಣ ಕಂದು ಗುಂಡುಗಳಿದ್ದರೆ ಫಿಂಬ್ರಿಸ್ಟೈಲಿಸ್. ಇದರ ದಂಟಿಗೆ ನಾಲ್ಕೈದು ಮೂಲೆಗಳಿರುವುದುಂಟು, ಮೂರೇ ಬೇಕೆಂದು ಹಟ ಹಿಡಿಯಬೇಡಿರಿ.

ಅಂಗಳದ ಅಂಚಿನಲ್ಲಿ ಒಂದೇ ಬಿಳಿ ಗುಂಡು ಹೂವು, ಅದರ ಕೆಳಗೆ ಉದ್ದದ ಎಸಳುಗಳಿರುವ ಕಿಲ್ಲಿಂಗವೂ ಇದೇ ಕುಟುಂಬದ್ದು. ಅದರ ಬೇರುಕಾಂಡಕ್ಕೂ ಪರಿಮಳವಿದೆ, ಆದರೆ ಮಣಿಗೆಡ್ಡೆ ಇಲ್ಲ.

ಗುರುತು ಸಿಕ್ಕಿದರೆ ಉಪಾಯ ತಾನಾಗಿ ಬೇರೆಯಾಗುತ್ತದೆ. ನಾರುಬೇರಿನವುಗಳನ್ನು ಬೀಜ ಕಟ್ಟುವ ಮೊದಲು ಕಿತ್ತರೆ ಆ ಬೆಳೆಯ ಮಟ್ಟಿಗೆ ಕೆಲಸ ಮುಗಿಯಿತು. ತಡಮಾಡಿದರೆ ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ನೇಜಿ ಬೇರು ಹಿಡಿದ ಮೇಲೆ ಗದ್ದೆಯಲ್ಲಿ ಎರಡಂಗುಲ ನೀರು ನಿಂತಿದ್ದರೆ ಬೀಜ ಮೊಳೆಯುವುದೂ ಕಡಿಮೆ.

ಕೊನ್ನಾರಿಗೆ ಈ ಲೆಕ್ಕ ನಡೆಯದು. ಅದು ಬೀಜದಿಂದ ಹರಡುವುದು ಅಪರೂಪ, ಅದರ ಬಲವೆಲ್ಲ ಗೆಡ್ಡೆಯಲ್ಲಿ. ಕೈಯಿಂದ ಎಳೆದರೆ ದಾರ ತುಂಡಾಗಿ ಗೆಡ್ಡೆ ಮಣ್ಣಿನಲ್ಲೇ ಉಳಿಯುತ್ತದೆ. ಸರದಲ್ಲಿರುವಾಗ ತುದಿಯ ಗೆಡ್ಡೆ ಉಳಿದವುಗಳನ್ನು ಮೊಳೆಯದಂತೆ ಅದುಮಿಟ್ಟಿರುತ್ತದೆ. ಟಿಲ್ಲರ್ ಆ ಸರವನ್ನು ತುಂಡರಿಸಿದೊಡನೆ ಮಲಗಿದ್ದ ಗೆಡ್ಡೆಗಳೂ ಎದ್ದು ಕುಳಿತುಕೊಳ್ಳುತ್ತವೆ. ಮೇಲಿಂದ ನಾವು ನೀರು ಬಿಡುತ್ತೇವೆ! ಉಳುವುದಾದರೆ ಬೇಸಿಗೆಯಲ್ಲಿ ನೀರು ಬಿಡದೆ ಉತ್ತು, ಗೆಡ್ಡೆಗಳನ್ನು ಮೇಲಕ್ಕೆ ತಂದು, ಎರಡು ವಾರ ಸುಡುಬಿಸಿಲಿಗೆ ಒಣಗಲು ಬಿಟ್ಟು, ಅನಂತರ ಹೆಕ್ಕಿ ಹೊರಹಾಕಿರಿ. ಹೆಚ್ಚಿನ ಗೆಡ್ಡೆಗಳು ಮೇಲಿನ ಅರ್ಧ ಅಡಿ ಮಣ್ಣಿನಲ್ಲೇ ಇರುತ್ತವೆ. ಹೆಕ್ಕಿದ್ದನ್ನು ಗೊಬ್ಬರದ ಗುಂಡಿಗೆ ಎಸೆಯಬಾರದು. ಬೇರೆಯವರ ಗದ್ದೆಯಿಂದ ಬಂದ ಟಿಲ್ಲರನ್ನು ತೊಳೆಯದೆ ಇಳಿಸಲೂಬಾರದು.

ಮೊಳಕೆ ಮೇಲೆ ಬಂದ ಮೂರು ನಾಲ್ಕು ವಾರಗಳಲ್ಲಿ ಹೊಸ ಗೆಡ್ಡೆ ಕಟ್ಟಲು ಆರಂಭವಾಗುತ್ತದೆ. ಆದುದರಿಂದ ಎರಡು ವಾರಕ್ಕೊಮ್ಮೆಯಾದರೂ ಕಡಿಯುತ್ತಾ ಬಂದರೆ ಹಳೆ ಗೆಡ್ಡೆಯ ಶಕ್ತಿ ಮುಗಿಯುತ್ತದೆ. ಸಂತ ಮತ್ತಾಯರ ಶುಭಸಂದೇಶದ 13ನೇ ಅಧ್ಯಾಯದ ಸಾಮತಿಯಲ್ಲಿ ಯಜಮಾನ ಸುಗ್ಗಿಯವರೆಗೆ ಕಳೆಯನ್ನು ಬಿಡಹೇಳಿದ್ದು ನಿಜ, ಆದರೆ ಅವನ ಗದ್ದೆಯಲ್ಲಿ ಕೊನ್ನಾರಿ ಇದ್ದಂತಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಸಾಕೆನ್ನುವವರಿದ್ದಾರೆ. ಇದರ ಸೂಜಿಯಂತಹ ಮೊಳಕೆ ತೆಳು ಹಾಳೆಯನ್ನು ಚುಚ್ಚಿಕೊಂಡು ಬರುತ್ತದೆ. ಅದಕ್ಕಿಂತ ನೆರಳು ಮೇಲು: ಗೆಣಸಿನ ಅಥವಾ ಅಲಸಂಡೆಯ ಬಳ್ಳಿ ಒತ್ತಾಗಿ ಹಬ್ಬಿದ ಕಡೆ ಇದು ಸೊರಗುತ್ತದೆ.

ಔಷಧಿ ಬಿಡಲೇಬೇಕೆಂದಿದ್ದರೆ ಬೇರು, ಹೂವು ಎರಡೂ ಇರುವ ಗಿಡವನ್ನು ಕೃಷಿ ಭವನಕ್ಕೆ ಒಯ್ದು ತೋರಿಸಿ ಕೇಳಿರಿ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದಲ್ಲಿ ನಿಂತರೂ ಅದರ ನೋವು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಹೆಸರು ತಿಳಿಯದ ಕಳೆಗೆ ಹೆಸರು ತಿಳಿಯದ ವಿಷ ಬೇಡ.

ಆರೋಗ್ಯದ ಒಂದು ಮಾತು. ಕೊನ್ನಾರಿ ಗೆಡ್ಡೆ ಆಯುರ್ವೇದದಲ್ಲಿ ಜ್ವರಕ್ಕೂ ಭೇದಿಗೂ ಹೆಸರಾದ ಮದ್ದು. ಜ್ವರದವರಿಗೆ ಕೊಡುವ ಷಡಂಗ ನೀರಿನಲ್ಲಿ ಅದೂ ಒಂದು. ಮನೆಯಲ್ಲಿ ಕಷಾಯ ಮಾಡುವವರು ಮಣಿಸರ, ನಾರು, ಪರಿಮಳ ಮೂರನ್ನೂ ನೋಡಿಯೇ ತೆಗೆಯಿರಿ. ಕಳೆನಾಶಕ ಬಿಟ್ಟ ಗದ್ದೆ, ಮಾರ್ಗದ ಬದಿ, ಕೊಳಚೆ ನೀರು ಹರಿಯುವ ಚರಂಡಿಯ ಅಂಚು, ಇಲ್ಲಿಂದ ಅಗೆಯಲೇಬೇಡಿರಿ. ಬಸುರಿಯರು ವೈದ್ಯರನ್ನು ಕೇಳದೆ ಕುಡಿಯಬಾರದು. ಚಿಕ್ಕ ಮಗುವಿಗೆ ಭೇದಿಯಾದರೆ ಕಷಾಯಕ್ಕೆ ಒಲೆ ಹೊತ್ತಿಸುತ್ತಾ ಕೂರದೆ ಮೊದಲು ಓ.ಆರ್.ಎಸ್. ನೀರು ಕುಡಿಸಿರಿ. ಮಗು ಸೋತು ಮಲಗಿದರೆ, ಕಣ್ಣು ಗುಳಿಬಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಆ ಕೂಡಲೇ ಆಸ್ಪತ್ರೆಗೆ ಕೊಂಡುಹೋಗಿರಿ.