ಪೀಣ್ಯದ ಹುಡುಗರ ಬೆರಳು ನಿಲ್ಲುವುದೆಲ್ಲಿ

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಮಷಿನ್ ಶಾಪೊಂದರಲ್ಲಿ ನಾನು ಸಿಎನ್‌ಸಿ ಸೆಟ್ಟರ್. ವಾರದ ರಜೆಯಲ್ಲಿ ಲೇತ್ ಕೆಲಸದ ಬಗ್ಗೆ ಕನ್ನಡದಲ್ಲಿ ಚಿಕ್ಕ ವಿಡಿಯೊ ಮಾಡಿ ಯೂಟ್ಯೂಬಿಗೂ ಇನ್‌ಸ್ಟಾಗ್ರಾಮಿಗೂ ಹಾಕುತ್ತೇನೆ. ನೋಡುವವರಲ್ಲಿ ಹೆಚ್ಚಿನವರು ಐಟಿಐ ಮುಗಿಸಿ ರಾಯಚೂರು, ಯಾದಗಿರಿ, ಹಾವೇರಿ ಕಡೆಯಿಂದ ಬಂದು ಲಗ್ಗೆರೆ, ಹೆಗ್ಗನಹಳ್ಳಿ, ದಾಸರಹಳ್ಳಿಗಳಲ್ಲಿ ರೂಮು ಹಂಚಿಕೊಂಡಿರುವ ಹುಡುಗರು. ಹೆಲ್ಪರ್ ಆಗಿ ಸೇರಿದವನಿಗೆ ಆಪರೇಟರ್ ಆಗುವಾಸೆ, ಆಪರೇಟರ್‌ಗೆ ಸೆಟ್ಟರ್ ಆಗುವಾಸೆ. ಮಷಿನ್ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಹೇಳಿಕೊಡಬೇಕಾದ ಸೀನಿಯರ್‌ಗೆ ಪುರುಸೊತ್ತು ಇರುವುದಿಲ್ಲ.

ಯಾವ ಸೆಕೆಂಡಿನಲ್ಲಿ ಎಷ್ಟು ಜನ ಎದ್ದುಹೋದರು ಎಂಬುದನ್ನು ಯೂಟ್ಯೂಬ್ ಒಂದು ರೇಖೆಯಾಗಿ ತೋರಿಸುತ್ತದೆ. ಆ ರೇಖೆಯನ್ನು ನಾನು ಮೈಕ್ರೊಮೀಟರ್ ಓದುವಷ್ಟೇ ಜಾಗ್ರತೆಯಿಂದ ಓದುತ್ತೇನೆ. ‘ನಮಸ್ಕಾರ ಗೆಳೆಯರೇ, ನಮ್ಮ ಚಾನೆಲ್‌ಗೆ ಸ್ವಾಗತ’ ಎನ್ನುವಷ್ಟರಲ್ಲೇ ಅದು ಕುಸಿಯುತ್ತದೆ. ಸ್ವಾಗತವನ್ನು ಬಿಟ್ಟು, ಹಾಳಾದ ಒಂದು ಜಾಬನ್ನು, ಅಂದರೆ ಮಷಿನ್‌ನಲ್ಲಿ ಕಡೆದ ತುಂಡನ್ನು, ಕೈಯಲ್ಲಿ ಹಿಡಿದು ‘ಇದು ಯಾಕೆ ರಿಜೆಕ್ಟ್ ಆಯಿತು?’ ಎಂದು ಕೇಳಿದರೆ ನಿಲ್ಲುತ್ತಾರೆ. ಅಂಥ ಜಾಬ್ ಕೈಗೆ ಬಂದಾಗ ಹೊಟ್ಟೆಯಲ್ಲಿ ಏಳುವ ಸಂಕಟ ಅವರೆಲ್ಲರಿಗೂ ಗೊತ್ತು.

ಹೆಚ್ಚು ಜನ ಕೊನೆಯವರೆಗೆ ನೋಡಿದ, ಮತ್ತೆ ಮತ್ತೆ ಹಿಂದಕ್ಕೆಳೆದು ನೋಡಿದ ವಿಡಿಯೊ ವೇರ್ ಆಫ್‌ಸೆಟ್ ಬಗ್ಗೆ, ಅಂದರೆ ಟೂಲ್ ಸವೆದಾಗ ಅಳತೆ ಸರಿಪಡಿಸಲು ಮಷಿನ್‌ಗೆ ಕೊಡುವ ಅಂಕಿಯ ಬಗ್ಗೆ. ಡ್ರಾಯಿಂಗ್‌ನಲ್ಲಿ ಶಾಫ್ಟ್ 25 ಮಿ.ಮೀ., ಟಾಲರೆನ್ಸ್ ಮೈನಸ್ 0.02. ಅಳತೆ ಮಾಡಿದರೆ 25.03 ಬಂದಿದೆ. 24.99ಕ್ಕೆ ತರಬೇಕು, ಅಂದರೆ 0.04 ಇಳಿಸಬೇಕು. ಆಫ್‌ಸೆಟ್ ಪುಟದಲ್ಲಿ ಮೊದಲೇ ಪ್ಲಸ್ 0.12 ಇದೆ ಎಂದಿಟ್ಟುಕೊಳ್ಳಿ. ಫ್ಯಾನಕ್ ಕಂಟ್ರೋಲ್‌ನಲ್ಲಿ ಮೈನಸ್ 0.04 ಹೊಡೆದು ‘ಪ್ಲಸ್ ಇನ್‌ಪುಟ್’ ಒತ್ತಿದರೆ ಅದು ಹಳೆಯದಕ್ಕೆ ಸೇರಿ 0.08 ಆಗುತ್ತದೆ, ಜಾಬ್ ಸರಿ ಬರುತ್ತದೆ. ಬರೀ ‘ಇನ್‌ಪುಟ್’ ಒತ್ತಿದರೆ ಹಳೆಯ ಅಂಕಿ ಅಳಿಸಿ ಮೈನಸ್ 0.04 ಕೂರುತ್ತದೆ. ಮುಂದಿನ ಜಾಬ್ 24.87. ತೆಗೆದ ಲೋಹವನ್ನು ಮತ್ತೆ ಸೇರಿಸಲಾಗುವುದಿಲ್ಲ, ಅದು ಸ್ಕ್ರ್ಯಾಪ್. ಎರಡು ಬಟನ್‌ಗಳ ನಡುವಿನ ಈ ವ್ಯತ್ಯಾಸ ನಾಳೆ ಬೆಳಗಿನ ಶಿಫ್ಟಿಗೇ ಬೇಕಾದ್ದು. ಹಾಗಾಗಿ ಅದನ್ನು ಸೇವ್ ಮಾಡಿಕೊಂಡರು, ವಾಟ್ಸ್ಯಾಪ್‌ನಲ್ಲಿ ರೂಮ್‌ಮೇಟ್‌ಗೆ ಕಳಿಸಿದರು. ಲೈಕ್‌ಗಿಂತ ಈ ಕಳಿಸುವುದನ್ನೇ ನಾನು ನಂಬುವುದು. ತನಗೆ ಉಪಯೋಗವಾದದ್ದನ್ನು ಮಾತ್ರ ಮನುಷ್ಯ ಗೆಳೆಯನಿಗೆ ಕಳಿಸುತ್ತಾನೆ.

ಭಾಷೆಯೂ ಶಾಪಿನದೇ ಇರಬೇಕು. ‘ಕರ್ತನ ಉಪಕರಣ’ ಎಂದರೆ ಯಾರಿಗೂ ತಿಳಿಯದು, ‘ಇನ್ಸರ್ಟ್’ ಎಂದರೆ ಮರುಮಾತಿಲ್ಲ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಶಬ್ದವಿಲ್ಲದೆ ನೋಡುವವರಿದ್ದಾರೆ, ಅವರಿಗಾಗಿ ಮಾತನ್ನೆಲ್ಲ ದಪ್ಪ ಕನ್ನಡ ಅಕ್ಷರಗಳಲ್ಲೂ ಹಾಕುತ್ತೇನೆ. ನಮ್ಮಲ್ಲಿ ಶಿಫ್ಟ್ ಬಿಡುವುದು ಮಧ್ಯಾಹ್ನ 2ಕ್ಕೆ, ರಾತ್ರಿ 10ಕ್ಕೆ. ವಿಡಿಯೊ ಹಾಕುವುದೂ ಅದರ ಆಸುಪಾಸಿನಲ್ಲೇ.

ಇನ್ನೊಂದು ಬಗೆಯ ಗಮನವೂ ಇದೆ, ಅದನ್ನು ನೋಡಿದರೆ ನನಗೆ ಭಯವಾಗುತ್ತದೆ. ಜಾಬ್ ಹಿಡಿದು ತಿರುಗುತ್ತಿರುವ ಚಕ್ಕಿನ ಹತ್ತಿರ ಗ್ಲೌಸ್ ಹಾಕಿದ ಕೈ ಒಡ್ಡುವುದು, ಓಡುವ ಮಷಿನ್‌ನಿಂದ ಬರಿಗೈಯಲ್ಲಿ ಚಿಪ್ಸ್ ಎಳೆಯುವುದು. ಇಂಥ ರೀಲ್ಸ್ ಬೆಂಕಿಯಂತೆ ಹರಡುತ್ತವೆ. ಗ್ಲೌಸಿನ ಒಂದು ಎಳೆ ಸಿಕ್ಕಿಕೊಂಡರೂ ಕೈ ಒಳಗೆ ಹೋಗುತ್ತದೆ. ಹೊಸ ಹುಡುಗ ಅದನ್ನೇ ಧೈರ್ಯ ಎಂದುಕೊಂಡರೆ ಅವನ ಬೆರಳಿಗೆ ಯಾರು ಹೊಣೆ? ಅಂಥದ್ದನ್ನು ನಾನು ತೆಗೆಯುವುದಿಲ್ಲ, ಹಂಚುವುದಿಲ್ಲ. ಹಳೆಯ ಲೇತಿನ ಚಕ್ಕಿನಲ್ಲಿ ಚಕ್ ಕೀ ಬಿಟ್ಟು ಸ್ವಿಚ್ ಒತ್ತಿದರೆ ಏನಾಗುತ್ತದೆ ಎಂಬುದನ್ನು ಮಷಿನ್ ಆಫ್ ಮಾಡಿ, ಕೀ ಹಾರುವ ದಿಕ್ಕನ್ನು ಕೈಯಿಂದ ತೋರಿಸಿಯೇ ಹೇಳಿದ್ದೇನೆ. ಅದಕ್ಕೂ ಜನ ನಿಂತರು.

ಶಾಪಿನೊಳಗೆ ತೆಗೆಯುವುದು ಮಾಲೀಕರ ಒಪ್ಪಿಗೆಯಿಂದ, ಮಷಿನ್ ಖಾಲಿ ಇದ್ದಾಗ ಮಾತ್ರ. ಗಿರಾಕಿಯ ಡ್ರಾಯಿಂಗ್ ಚೌಕಟ್ಟಿನೊಳಗೆ ಬರಕೂಡದು. ತೋರಿಸುವ ಜಾಬ್ ಸ್ಕ್ರ್ಯಾಪ್ ತುಂಡಿನಿಂದ ನಾನೇ ಮಾಡಿಕೊಂಡದ್ದು.

2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ, ಅಲ್ಲಿ ಜನ ಕಟ್ಟಿಕೊಂಡವರೆಲ್ಲ ಬರಿಗೈಯಾದರು. ಆ್ಯಪ್ ಇನ್ನೊಬ್ಬರದು. ಅದಕ್ಕೇ ನಾನು ವಾಟ್ಸ್ಯಾಪ್ ಗುಂಪೊಂದನ್ನೂ ಇಟ್ಟುಕೊಂಡಿದ್ದೇನೆ. ಅಲ್ಲಿ ಹುಡುಗರು ಮಷಿನ್ ತೋರಿಸುವ ಅಲಾರಂನ ಫೋಟೊ ಹಾಕಿ ‘ಅಣ್ಣಾ, ಇದೇನು?’ ಎಂದು ಕೇಳುತ್ತಾರೆ. ಬಂದವರು ಉಳಿಯುವುದು ಈ ಪ್ರಶ್ನೆಗೆ ಉತ್ತರ ಸಿಕ್ಕಾಗಲೇ, ಮುಂದಿನ ವಿಡಿಯೊ ಹುಟ್ಟುವುದೂ ಇಲ್ಲೇ. ಈಗ ಎಲ್ಲರೂ ಕೇಳುತ್ತಿರುವುದು ಥ್ರೆಡ್ಡಿಂಗ್. ಥ್ರೆಡ್ ಕಡೆಯುವ ಕೋಡ್ ಜಿ76ರ ಮೊದಲ ಸಾಲಿನಲ್ಲಿ ಪಿ ಮುಂದೆ ಬರುವ 020060 ಅನ್ನು ಎರಡೆರಡಾಗಿ ಒಡೆದು ಓದಬೇಕು: 02 ಎಂದರೆ ಫಿನಿಶಿಂಗ್ ಕಟ್ ಎರಡು, 00 ಎಂದರೆ ಕೊನೆಯಲ್ಲಿ ಚೇಂಫರ್ ಇಲ್ಲ, 60 ಎಂದರೆ ಥ್ರೆಡ್ಡಿನ ಕೋನ. ಬರುವ ರಜೆಗೆ ಅದನ್ನೇ ತೆಗೆಯುವುದು.