ಜೋಡಿ ನೋಡಿ ಕುಸ್ತಿ ಹಚ್ಚು

ತಮ್ಮಾ, ದೀಪಾವಳಿ ರಜೆಗೆ ಊರಿಗೆ ಬಂದಾಗ ಗೆಳೆಯರನ್ನೆಲ್ಲ ಕೂಡಿಸಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ ಅಂದೆಯಲ್ಲ, ಕೇಳಿ ಬಹಳ ಸಂತೋಷವಾಯಿತು. ಕತೆ ಕಟ್ಟುವುದನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ಕಾಳಗದ ಅಂದಾಜಿನ ಬಗ್ಗೆ ಮಾತ್ರ. ನಾಲ್ಕು ಜನ ಆಟಗಾರರ ಮುಂದೆ ಎಂಥ ವೈರಿಯನ್ನು, ಎಷ್ಟು ಮಂದಿಯನ್ನು, ಯಾವ ನೆಲದಲ್ಲಿ ನಿಲ್ಲಿಸಬೇಕು ಎಂಬುದು ಆಡಿಸುವವನ ಅತಿ ದೊಡ್ಡ ಹೊಣೆ. ಇಂಡಿಯಿಂದ ಒಬ್ಬ, ಸಿಂದಗಿಯಿಂದ ಒಬ್ಬಳು, ಬಸವನ ಬಾಗೇವಾಡಿಯಿಂದ ಇಬ್ಬರು ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಬಂದು ಕೂತಿರುತ್ತಾರೆ. ಮೊದಲ ಅರ್ಧ ತಾಸಿನಲ್ಲೇ ಅವರ ಪಾತ್ರಗಳೆಲ್ಲ ನೆಲಕ್ಕೆ ಬಿದ್ದರೆ ಮುಂದಿನ ರಜೆಗೆ ಅವರು ಬರುತ್ತಾರೆಯೇ? ವೈರಿ ತೀರಾ ಪೊಳ್ಳಾಗಿದ್ದರೂ ಬರುವುದಿಲ್ಲ. ಗೆದ್ದದ್ದು ತಮ್ಮ ಕೈಯಿಂದಲ್ಲ, ನಿನ್ನ ದಯೆಯಿಂದ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ನಮ್ಮ ಜಾತ್ರೆಯ ಕುಸ್ತಿ ಕಣ ನೋಡಿದ್ದೀಯಲ್ಲ. ಮೊದಲಿಗೆ ಸಣ್ಣ ಹುಡುಗರ ಕಾಯಿ ಕುಸ್ತಿ, ಕೊನೆಗೆ ಊರೆಲ್ಲ ಕಾಯುವ ದೊಡ್ಡ ನಿಕಾಲಿ ಕುಸ್ತಿ. ಅಲ್ಲಿ ಜೋಡಿ ಹಚ್ಚುವ ಹಿರಿಯರನ್ನು ಸರಿಯಾಗಿ ಗಮನಿಸು. ಅವರು ಪೈಲ್ವಾನನ ಮೈತೂಕವನ್ನು ಕಣ್ಣಲ್ಲೇ ಅಳೆಯುತ್ತಾರೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಕತ್ತು ನೋಡುತ್ತಾರೆ, ಉಸಿರು ನೋಡುತ್ತಾರೆ. ಯಾವ ಗರಡಿ, ಯಾವ ವಸ್ತಾದ ಎಂದು ಕೇಳುತ್ತಾರೆ. ನಿನ್ನೆ ಇನ್ನೊಂದು ಊರಿನ ಜಾತ್ರೆಯಲ್ಲಿ ಹಿಡಿದು ದಣಿದು ಬಂದಿದ್ದಾನೆಯೇ ಎಂದು ವಿಚಾರಿಸುತ್ತಾರೆ. ಆಮೇಲೆ ಇಬ್ಬರ ಕೈ ಕೂಡಿಸುತ್ತಾರೆ. ಆ ಹಿರಿಯರ ಜಾಗದಲ್ಲಿ ಈಗ ನೀನು ಕೂತಿದ್ದೀಯ. ಆಟದ ನಿಯಮ ಪುಸ್ತಕದಲ್ಲಿರುವ ಅಂಕಿ ನಿನಗೆ ವೈರಿಯ ಮೈತೂಕ ಹೇಳುತ್ತದೆ. ಉಳಿದದ್ದನ್ನು ನೀನೇ ನೋಡಬೇಕು.

ಪುಸ್ತಕವನ್ನು ಮೂಲೆಗಿಡು ಎಂದು ಇದರ ಅರ್ಥವಲ್ಲ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ 1974ರಲ್ಲಿ ಈ ಆಟವನ್ನು ಹೊರತಂದಾಗ ಅಂದಾಜಿನ ಭಾರ ಬಹುಮಟ್ಟಿಗೆ ಆಡಿಸುವವನ ತಲೆಯ ಮೇಲೇ ಇತ್ತು. ಚಾಲೆಂಜ್ ರೇಟಿಂಗ್ ಎಂಬ ಅಂಕಿ 2000ದಲ್ಲಿ ಮೂರನೇ ಆವೃತ್ತಿಯೊಂದಿಗೆ ಬಂತು. ನೀನು ಇಟ್ಟುಕೊಂಡಿರುವ 2014ರ ಐದನೇ ಆವೃತ್ತಿಯಲ್ಲಿ ಅದರ ಅರ್ಥ ಹೀಗಿದೆ: ಆ ಅಂಕಿಯಷ್ಟೇ ಲೆವೆಲ್ಲಿನ, ತಕ್ಕ ಸಲಕರಣೆಯುಳ್ಳ, ಚೆನ್ನಾಗಿ ವಿಶ್ರಾಂತಿ ಪಡೆದ ನಾಲ್ವರು ಈ ಪ್ರಾಣಿಯನ್ನು ಯಾರೂ ಸಾಯದೆ ಸೋಲಿಸಬಲ್ಲರು. ಇದರಲ್ಲಿ ‘ತಕ್ಕ ಸಲಕರಣೆ’, ‘ವಿಶ್ರಾಂತಿ ಪಡೆದ’, ‘ನಾಲ್ವರು’ ಎಂಬ ಷರತ್ತುಗಳಿಗೆ ಕೆಂಪು ಶಾಯಿಯ ಗೆರೆ ಎಳೆ. ನಿನ್ನ ಮೇಜಿನಲ್ಲಿ ಇವುಗಳಲ್ಲಿ ಒಂದಲ್ಲ ಒಂದು ಯಾವಾಗಲೂ ಕೈಕೊಟ್ಟಿರುತ್ತದೆ.

ಈಗ ಕಾಗದ ತೆಗೆದುಕೊಂಡು ನನ್ನ ಜೊತೆ ಒಂದು ಲೆಕ್ಕ ಮಾಡು. ಆಟಗಾರರು ನಾಲ್ವರು, ಎಲ್ಲರದೂ ಮೂರನೇ ಲೆವೆಲ್. ಆ ಪುಸ್ತಕದ ಪ್ರಕಾರ ಅವರಿಗೆ 300 ಎಕ್ಸ್‌ಪಿಯಿಂದ (ವೈರಿಯನ್ನು ಸೋಲಿಸಿದ್ದಕ್ಕೆ ಸಿಗುವ ಅನುಭವದ ಅಂಕ) ಸುಲಭ, 600ರಿಂದ ಮಧ್ಯಮ, 900ರಿಂದ ಕಠಿಣ, 1600ರಿಂದ ಪ್ರಾಣಾಂತಿಕ. ಒಬ್ಬ ಓಗರ್ ಬಂದ ಎಂದುಕೋ, ಆ ದೊಡ್ಡ ದೊಣ್ಣೆಯ ರಕ್ಕಸ. ಅವನಿಗೆ 450. ಅಂದರೆ ಸುಲಭದ ಕಾಳಗ. ಅವನ ಬದಲು ಎಂಟು ತೋಳಗಳು ಬಂದವು ಎಂದುಕೋ. ಒಂದಕ್ಕೆ 50ರಂತೆ 400. ಕಾಗದದ ಮೇಲೆ ಓಗರ್‌ಗಿಂತ ಕಡಿಮೆ. ಆದರೆ ವೈರಿಗಳು ಏಳರಿಂದ ಹತ್ತು ಇದ್ದರೆ ಎರಡೂವರೆಯಿಂದ ಗುಣಿಸು ಎನ್ನುತ್ತದೆ ಪುಸ್ತಕ. 1000 ಆಯಿತು, ಕಠಿಣ.

ಇಷ್ಟಕ್ಕೇ ನಿಲ್ಲಬೇಡ. ಆರ್ಮರ್ ಕ್ಲಾಸ್, ಅಂದರೆ ಪೆಟ್ಟು ತಪ್ಪಿಸಿಕೊಳ್ಳುವ ಅಂಕಿ, 15 ಇರುವವನಿಗೆ ಓಗರ್‌ನ ದೊಣ್ಣೆ ನೂರಕ್ಕೆ ಅರವತ್ತು ಸಲ ತಾಗುತ್ತದೆ, ತಾಗಿದಾಗ ಸರಾಸರಿ 13 ಪೆಟ್ಟು. ಸುತ್ತಿಗೆ ಹೆಚ್ಚುಕಡಿಮೆ 8 ಎಂದಾಯಿತು. ತೋಳದ ಒಂದು ಕಡಿತ ಸರಾಸರಿ 7 ಮಾತ್ರ. ಆದರೆ ಪಕ್ಕದಲ್ಲಿ ಇನ್ನೊಂದು ತೋಳ ಇದ್ದರೆ ಅದಕ್ಕೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅನುಕೂಲ ಸಿಗುತ್ತದೆ. ನೂರಕ್ಕೆ ಎಪ್ಪತ್ತೈದು ಸಲ ತಾಗುತ್ತದೆ. ಎಂಟೂ ಸುತ್ತುವರಿದರೆ ಒಂದೇ ಸುತ್ತಿಗೆ 42. ಮೂರನೇ ಲೆವೆಲ್ಲಿನ ನಾಲ್ವರ ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಶಕ್ತಿಯ ಅಂಕಿ, ಎಲ್ಲ ಕೂಡಿಸಿದರೆ 90ರ ಆಸುಪಾಸು ಇರುತ್ತದೆ. ಅಂದರೆ ಅವರು ಉಸಿರು ಬಿಡುವುದರೊಳಗೆ ಅರ್ಧ ರಕ್ತ ಹೋಯಿತು. ನಾಲ್ವರೂ ಸೇರಿ ಸುತ್ತಿಗೆ ಎರಡು ತೋಳ ಕೆಡವಿದರೂ, ಎರಡನೇ ಸುತ್ತಿಗೆ ಆರು ಬಾಯಿ, ಮೂರನೆಯದಕ್ಕೆ ನಾಲ್ಕು. ಕೂಡಿಸಿ ನೋಡು, 90 ದಾಟುತ್ತದೆ. ಪುಸ್ತಕ ಬರೀ ಕಠಿಣ ಎಂದದ್ದು ನಿಜದಲ್ಲಿ ಎಲ್ಲರನ್ನೂ ತಿಂದುಹಾಕಬಲ್ಲ ಕಾಳಗ. ಕುರಿ ಕಾಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ತೋಳ ಎಷ್ಟು ದೊಡ್ಡದು ಎಂದು ಅವರು ಕೇಳುವುದಿಲ್ಲ, ಎಷ್ಟು ಇದ್ದವು ಎಂದು ಕೇಳುತ್ತಾರೆ.

2024ರ ಪರಿಷ್ಕೃತ ಡಂಜನ್ ಮಾಸ್ಟರ್ ಗೈಡ್‌ನಲ್ಲಿ ಆ ಗುಣಿಸುವ ಲೆಕ್ಕವನ್ನೇ ಕೈಬಿಟ್ಟಿದ್ದಾರೆ. ಮೂರನೇ ಲೆವೆಲ್ಲಿನ ನಾಲ್ವರಿಗೆ ಅದರ ಅತಿ ಕೆಳಗಿನ ಮಟ್ಟ 600. ಎಂಟು ತೋಳದ 400 ಅದಕ್ಕೂ ಕೆಳಗೆ ಬೀಳುತ್ತದೆ! ಹತ್ತು ವರ್ಷದ ಅಂತರದಲ್ಲಿ ಒಂದೇ ಆಟದ ಎರಡು ಪುಸ್ತಕಗಳು ಒಂದೇ ಹಿಂಡಿಗೆ ಇಷ್ಟು ಬೇರೆ ಬೆಲೆ ಕಟ್ಟಿದರೆ ನೀನು ಯಾರನ್ನು ನಂಬುತ್ತೀ? ಎರಡೂ ಕಡೆಯ ಸರದಿಗಳನ್ನು ಎಣಿಸು. ಒಂದು ಸುತ್ತಿನಲ್ಲಿ ವೈರಿಗಳು ಎಷ್ಟು ಸಲ ಹೊಡೆಯುತ್ತಾರೆ, ಆಟಗಾರರು ಎಷ್ಟು ಸಲ. ವೈರಿಗಳ ಎಣಿಕೆ ಆಟಗಾರರದರ ಒಂದೂವರೆ ಪಟ್ಟು ದಾಟಿತು ಅಂದರೆ ಪುಸ್ತಕ ಏನೇ ಹೇಳಲಿ, ಕೈ ಬಿಗಿ ಹಿಡಿ. ಇದು ನನ್ನ ಅಳತೆ, ಯಾವ ಪುಸ್ತಕದ್ದೂ ಅಲ್ಲ.

ಕೋಷ್ಟಕ ದೊಡ್ಡದೋ ಆಡಿಸುವವನ ತೀರ್ಮಾನ ದೊಡ್ಡದೋ ಎಂಬ ಜಗಳ ಈ ಆಟಕ್ಕಿಂತ ಬಹಳ ಹಳೆಯದು. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ 1824ರಲ್ಲಿ ದಾಳ, ನಕಾಶೆ, ಕೋಷ್ಟಕಗಳ ಯುದ್ಧದಾಟ ಪ್ರಕಟಿಸಿದ. 1876ರಲ್ಲಿ ವೆರ್ಡಿ ಡು ವರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ ಕೋಷ್ಟಕಗಳನ್ನು ಬದಿಗಿಟ್ಟು, ಅನುಭವಿ ತೀರ್ಪುಗಾರ ಹೇಳಿದ್ದೇ ಫಲಿತಾಂಶ ಆಗಲಿ ಎಂದ. ನನ್ನ ಮನಸ್ಸು ಇಬ್ಬರ ನಡುವೆ ಎಲ್ಲೋ ಇದೆ. ಅನುಭವ ಬರುವ ತನಕ ಕೋಷ್ಟಕ ಬೇಕು.

ಇನ್ನು ನೆಲದ ಮಾತು. ಇದನ್ನು ಹೇಳದೆ ನಿನ್ನನ್ನು ಕಳಿಸಲಾರೆ, ಯಾಕೆಂದರೆ ಬೇರೆ ಊರಿನ ಆಡಿಸುವವರಿಗೆ ಇಲ್ಲದ ಭಾಗ್ಯ ನಿನಗಿದೆ. ಬಿಲ್ಲು ಹಿಡಿದ ನಾಲ್ವರು ಬೇಹುಗಾರರನ್ನು ತಗೋ, 2014ರ ಪುಸ್ತಕದಲ್ಲಿ ಸ್ಕೌಟ್ ಎಂಬ ಹೆಸರಿನವರು. ಒಬ್ಬನಿಗೆ 100ರಂತೆ 400, ನಾಲ್ವರಿಗೆ ಎರಡರಿಂದ ಗುಣಿಸಿದರೆ 800, ಮಧ್ಯಮ ಕಾಳಗ. ಅವರನ್ನು ಇಂಡಿಯ ಒಂದು ನಿಂಬೆ ತೋಟದ ಗುಡಿಸಲಿನೊಳಗೆ ಕೂಡಿಹಾಕಿ ಬಾಗಿಲಲ್ಲಿ ನಿನ್ನ ಆಟಗಾರರನ್ನು ನಿಲ್ಲಿಸು. ಎರಡು ಮೂರು ಸುತ್ತಿಗೆ ಕತೆ ಮುಗಿಯುತ್ತದೆ. ಅದೇ ನಾಲ್ವರನ್ನು ಭೀಮಾ ಹೊಳೆಯ ಆಚೆ ದಂಡೆಗೆ ಇಡು. ಉದ್ದಬಿಲ್ಲು 150 ಅಡಿಯವರೆಗೆ ಅಡ್ಡಿಯಿಲ್ಲದೆ ಹೊಡೆಯುತ್ತದೆ, ಒಬ್ಬೊಬ್ಬನದೂ ಸುತ್ತಿಗೆ ಎರಡು ಬಾಣ. ಎಂಟು ಬಾಣ ಬರುತ್ತಿರುವಾಗ ಕೈಯಲ್ಲಿ ಕತ್ತಿ ಮಾತ್ರ ಇರುವ ನಾಲ್ವರು ನೀರಿಗಿಳಿದರೆ ಏನಾಗುತ್ತದೆ? ಎರಡೂ ಕಡೆ ಅದೇ 800. ಪುಸ್ತಕಕ್ಕೆ ಹೊಳೆ ಕಾಣುವುದಿಲ್ಲ.

ನಮ್ಮ ಎರಿ ಹೊಲವನ್ನೂ ಹಾಗೆಯೇ ಬಳಸು. ಮಳೆ ಬಿದ್ದ ಕರಿ ಮಣ್ಣಿನಲ್ಲಿ ಕಾಲು ಕಿತ್ತು ಇಡುವುದು ಎಂದರೇನು ಎಂದು ಸಿಂದಗಿಯ ಹುಡುಗಿಗೆ ವಿವರಿಸಬೇಕಾಗಿಲ್ಲ. ಆಟದಲ್ಲಿ ಅದು ಕಷ್ಟದ ನೆಲ, ಒಂದು ಅಡಿ ನಡೆಯಲು ಎರಡು ಅಡಿಯ ಖರ್ಚು. ತೆನೆ ಬಂದ ಬಿಳಿಜೋಳದ ಹೊಲದಲ್ಲಿ ಆಳು ನಿಂತರೂ ಕಾಣುವುದಿಲ್ಲ. ಅಲ್ಲಿ ಮೊದಲು ಯಾರು ಯಾರನ್ನು ಕಂಡರು ಎಂಬುದೇ ಅರ್ಧ ಕಾಳಗ. ಮಳೆಗಾಲದ ಡೋಣಿ ನದಿ ತುಂಬಿದ್ದರೆ ಓಡಿಹೋಗುವ ದಾರಿ ಒಂದು ಕಡಿಮೆಯಾಯಿತು. ವೈರಿಯ ಅಂಕಿ ಒಂದನ್ನೂ ಮುಟ್ಟದೆ ಬರೀ ನೆಲದಿಂದಲೇ ಒಂದು ಸುಲಭದ ಕಾಳಗವನ್ನು ಕಠಿಣ ಮಾಡಬಹುದು, ಕಠಿಣವಾದದ್ದನ್ನು ಸುಲಭ ಮಾಡಬಹುದು.

ಈ ಮಾತಿಗೆ ಸಾಕ್ಷಿ ಬೇಕಾದರೆ ನಿನ್ನ ತಾಲ್ಲೂಕಿನಲ್ಲೇ ಇದೆ. ತಾಳಿಕೋಟೆ ಕದನ ಎಂದು ಪಾಠದಲ್ಲಿ ಓದಿದ್ದೀಯಲ್ಲ, 1565ರ ಜನವರಿಯಲ್ಲಿ ನಡೆದದ್ದು, ಅದರ ಇನ್ನೊಂದು ಹೆಸರಿನಲ್ಲಿರುವ ರಕ್ಕಸಗಿ, ತಂಗಡಗಿ ಎರಡೂ ಮುದ್ದೇಬಿಹಾಳದ ಊರುಗಳು. ಕದನ ನಿಜಕ್ಕೂ ಯಾವ ಬಯಲಿನಲ್ಲಿ ನಡೆಯಿತು ಎಂದು ಇತಿಹಾಸಕಾರರು ಇನ್ನೂ ವಾದ ಮಾಡುತ್ತಾರೆ. ವಿಜಯನಗರದ ಅಳಿಯ ರಾಮರಾಯನ ಸೈನ್ಯ ದೊಡ್ಡದಿತ್ತು. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರು ಒಂದಾಗಿ ಬಂದಾಗ ಕೃಷ್ಣೆ ಅಡ್ಡ ಇತ್ತು, ದಾಟುವ ಜಾಗವನ್ನು ರಾಮರಾಯನ ಪಡೆ ಕಾದಿತ್ತು. ಇತಿಹಾಸಕಾರ ಫಿರಿಷ್ತಾ ಬರೆದಂತೆ ಸುಲ್ತಾನರ ಸೈನ್ಯ ಬೇರೆಲ್ಲೋ ದಾಟುವವರಂತೆ ದಂಡೆಗುಂಟ ನಡೆಯಿತು. ಎದುರು ದಂಡೆಯಲ್ಲಿ ಕಾವಲಿನವರೂ ಅವರಿಗೆ ಸರಿಯಾಗಿ ನಡೆದರು. ಆಮೇಲೆ ಸುಲ್ತಾನರ ಕಡೆಯವರು ರಾತ್ರೋರಾತ್ರಿ ತಿರುಗಿ ಬಂದು, ಕಾವಲಿಲ್ಲದ ಮೊದಲಿನ ಜಾಗದಲ್ಲೇ ಹೊಳೆ ದಾಟಿದರು. ಕದನದಲ್ಲಿ ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ಫಿರಂಗಿ ಪಡೆಯ ರೂಮಿ ಖಾನ್ ತೋಪುಗಳಿಗೆ ತಾಮ್ರದ ದುಡ್ಡಿನ ಚೀಲ ತುಂಬಿ ಹತ್ತಿರದಿಂದ ಹಾರಿಸಿದ. ರಾಮರಾಯ ಸೆರೆ ಸಿಕ್ಕು ತಲೆ ಕಳೆದುಕೊಂಡ ಸುದ್ದಿ ಹರಡಿದ್ದೇ ತಡ, ಆ ದೊಡ್ಡ ಸೈನ್ಯ ಚದುರಿತು. ಎರಡು ವರ್ಷದ ನಂತರ ವಿಜಯನಗರ ನೋಡಿದ ವೆನಿಸ್ಸಿನ ಸೀಸರ್ ಫ್ರೆಡರಿಕ್, ರಾಮರಾಯನ ಕಡೆಯ ಇಬ್ಬರು ಸರದಾರರು ತಿರುಗಿಬಿದ್ದದ್ದೇ ಸೋಲಿಗೆ ಕಾರಣ ಎಂದು ಬರೆದ. ಯಾವುದನ್ನು ಎಷ್ಟು ನಂಬಬೇಕು ಎಂಬುದು ಪಂಡಿತರ ಕೆಲಸ. ನೀನು ನೋಡಬೇಕಾದದ್ದು ಇಷ್ಟೇ: ಹೊಳೆ ದಾಟಿದ ಬಗೆ, ತೋಪು, ನಾಯಕನ ಸಾವು, ಒಳಗಿನ ಒಡಕು, ಇವುಗಳಲ್ಲಿ ಯಾವುದೂ ತಲೆ ಎಣಿಕೆಯಲ್ಲಿ ಬರುವುದಿಲ್ಲ.

ಹೀಗೆ ತಮ್ಮವರು ಬಿದ್ದಾಗ ಪಡೆ ಚದುರುವುದನ್ನು ಹಳೆಯ ಆಟದವರು ನಿಯಮವಾಗಿಯೇ ಇಟ್ಟಿದ್ದರು. 1981ರಲ್ಲಿ ಟಾಮ್ ಮೋಲ್ಡ್ವೇ ಸಂಪಾದಿಸಿದ ಬೇಸಿಕ್ ಸೆಟ್‌ನಲ್ಲಿ ಪ್ರತಿ ಪ್ರಾಣಿಗೂ ಧೈರ್ಯದ ಒಂದು ಅಂಕಿ ಇದೆ. ಅವರ ಕಡೆ ಮೊದಲನೆಯವನು ಸತ್ತಾಗ, ಅರ್ಧ ಮಂದಿ ಬಿದ್ದಾಗ, ಎರಡು ಆರುಮುಖದ ದಾಳ ಉರುಳಿಸಬೇಕು. ಅಂಕಿಗಿಂತ ಹೆಚ್ಚು ಬಿದ್ದರೆ ಓಟ, ಇಲ್ಲವೇ ಶರಣು. ಇದನ್ನು ಇವತ್ತಿನ ಆಟಕ್ಕೂ ತಂದುಕೋ ಎಂದು ನಾನು ಕೈಮುಗಿದು ಹೇಳುತ್ತೇನೆ. ತೋಳ ಸಾಯಲು ಬರುವುದಿಲ್ಲ, ಹೊಟ್ಟೆಗೆ ಬರುತ್ತದೆ. ಮೂರು ಬಿದ್ದ ಮೇಲೆ ಉಳಿದವು ಯಾಕೆ ನಿಲ್ಲುತ್ತವೆ? ಈ ನಿಯಮ ಕೈಯಲ್ಲಿದ್ದರೆ ನಿನ್ನ ಅಂದಾಜು ಸ್ವಲ್ಪ ಆಚೀಚೆಯಾದರೂ ಆಟ ತಾನೇ ದಾರಿಗೆ ಬರುತ್ತದೆ. ಯಾರು ಯಾವಾಗ ಓಡುತ್ತಾರೆ ಎಂಬುದನ್ನು ಕಾಳಗಕ್ಕೆ ಮುಂಚೆಯೇ ಬರೆದಿಟ್ಟುಕೋ. ನಡುವೆ ಗೆಳೆಯರು ಸಾಯುವುದು ನೋಡಿ ಮನಸ್ಸು ಕರಗಿ ದಾಳ ಮುಚ್ಚಿ ಸುಳ್ಳು ಅಂಕಿ ಹೇಳಬೇಡ. ಹಾಗೆ ಹೇಳುವುದು ತಪ್ಪಲ್ಲ ಎನ್ನುವ ಒಳ್ಳೆಯ ಆಡಿಸುವವರೂ ಇದ್ದಾರೆ, ನಾನು ಒಪ್ಪುವುದಿಲ್ಲ. ದಾಳ ಎಲ್ಲರ ಕಣ್ಣ ಮುಂದೆ ಬೀಳಲಿ.

ದಣಿವಿನ ವಿಷಯ. 2014ರ ಪುಸ್ತಕ ಒಂದು ದೀರ್ಘ ವಿಶ್ರಾಂತಿಗೂ ಇನ್ನೊಂದಕ್ಕೂ ನಡುವೆ ಒಂದು ತಂಡ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗ ತಾಳಬಲ್ಲದು ಎಂದು ಹಿಡಿದು ಅಳತೆ ಮಾಡಿದೆ. ರಜೆಯ ಒಂದು ಸಂಜೆ ಕೂಡುವ ನೀವು ಅಷ್ಟು ಆಡುವುದು ಎಲ್ಲಿಂದ ಬಂತು? ಒಂದೇ ಕಾಳಗ ಎಂದು ಗೊತ್ತಿದ್ದರೆ ಮಂತ್ರ ಬಲ್ಲವರು ಇದ್ದದ್ದೆಲ್ಲ ಒಮ್ಮೆಗೇ ಸುರಿಯುತ್ತಾರೆ, ನಿನ್ನ ಕಠಿಣ ಕಾಳಗ ನೀರಾಗುತ್ತದೆ. ಹಾಗಾಗಿ ಒಂದೇ ಕಾಳಗದ ಸಂಜೆಗೆ ಒಂದು ಮೆಟ್ಟಿಲು ಮೇಲೆ ಹೋಗು. ಎರಡು ಮೂರು ಇದ್ದರೆ ಮಂತ್ರ ಎಷ್ಟು ಉಳಿದಿದೆ ಎಂದು ಕೇಳಿಕೊಂಡು ಕೊನೆಯದನ್ನು ತೂಗು. ಮೊದಲ ಲೆವೆಲ್ಲಿನವರ ಮೇಲಂತೂ ಓಗರ್‌ನನ್ನು ಬಿಡಲೇಬೇಡ: ಅವನ ಸರಾಸರಿ ಪೆಟ್ಟು 13, ಮಾಂತ್ರಿಕನ ಮೈಯಲ್ಲಿ ಏಳೆಂಟು ಹಿಟ್ ಪಾಯಿಂಟ್. ಒಂದು ಜೋರಾದ ಹೊಡೆತಕ್ಕೆ ಆ ಪಾತ್ರ ಆಡುವವರ ಸಂಜೆ ಅಲ್ಲಿಗೇ ಮುಗಿಯುತ್ತದೆ.

ನನ್ನದೊಂದು ಬೇಡಿಕೆ ಇದೆ. ಈ ಸಲ ಕೃಷ್ಣೆಯ ಆ ರಾತ್ರಿಯನ್ನೇ ಆಡಿಸು. ನಿನ್ನ ನಾಲ್ವರು ದಾಟುವ ಜಾಗದ ಕೊನೆಯ ಕಾವಲಿನವರು, ಉಳಿದ ಪಡೆ ದಂಡೆಗುಂಟ ಹೋಗಿಬಿಟ್ಟಿದೆ. ಮೊದಲು ನೀರಲ್ಲಿ ಇಬ್ಬರು ಬೇಹುಗಾರರನ್ನಷ್ಟೇ ಕಾಣಿಸು. ಇನ್ನಿಬ್ಬರನ್ನು ಆಚೆ ದಂಡೆಯ ಕತ್ತಲಲ್ಲಿ ಇಟ್ಟುಕೊಂಡು ಎರಡನೇ ಸುತ್ತು ಮುಗಿಯುವಾಗ ನಾಲ್ವರ ಹಿಟ್ ಪಾಯಿಂಟ್ ನೋಡು. ಅರ್ಧಕ್ಕಿಂತ ಮೇಲಿದ್ದರೆ ಅವರೂ ಬಾಣ ಬಿಡಲಿ, ಇಲ್ಲದಿದ್ದರೆ ಸುದ್ದಿ ಮುಟ್ಟಿಸಲು ಹಿಂದಕ್ಕೆ ಓಡಲಿ. ಎರಡೂ ಕತೆಗೆ ಒಪ್ಪುತ್ತದೆ. ಹಿಂದೆ ದೊಡ್ಡ ಸೈನ್ಯ ಬರುತ್ತಿದೆ ಎಂದು ಆನೆಗಳ ಗಂಟೆ, ಪಂಜುಗಳ ಸಾಲಿನಿಂದ ಮೊದಲೇ ತಿಳಿಸು, ಕುದುರೆಗಳು ನಾಲ್ಕು ಕಟ್ಟಿರಲಿ. ಆ ಸೈನ್ಯಕ್ಕೆ ಅಂಕಿ ಬರೆಯಬೇಡ. ಅದು ಹೊಡೆದಾಡಲು ಇರುವುದಲ್ಲ, ಅದರ ಮುಂದೆ ಓಡಿ ರಾಮರಾಯನ ಬಿಡಾರಕ್ಕೆ ಸುದ್ದಿ ಮುಟ್ಟಿಸುವುದೇ ಅವರ ಗೆಲುವು. ಬಾಗೇವಾಡಿಯ ಇಬ್ಬರಲ್ಲಿ ಒಬ್ಬ ಖಂಡಿತ ನಿಂತೇ ಹೊಡೆದಾಡುತ್ತೇನೆ ಅನ್ನುತ್ತಾನೆ. ಅವನನ್ನು ಒಂದೇ ಒಂದು ಸಲ ಎಚ್ಚರಿಸು, ಆಮೇಲೆ ದಾಳ ಅವನ ಕೈಗೆ ಕೊಡು.